ಸಕ್ಕರಿ ಡಬ್ಬಿ ಮತ್ತ ಚುಕ್ಕಾಣಿ

ಹೋದ ವಾರ ಧಾರವಾಡದಿಂದ ದೊಡ್ಡ ವೈನಿ ಫೋನ್ ಮಾಡಿದವರು, ಆರಾಮಿದ್ದೀರೇನು ಅಂತನೂ ಕೇಳಲಿಲ್ಲ. "ಅಲ್ಲವಾ, ಮನಿ ಕೀಲಿ ಹಾಕಿ ಗಂಡಾ-ಹೆಂಡ್ತಿ ಇಬ್ಬರೇ ದೋಣ್ಯಾಗ ಕೂತು ಥಂಡಿ ದಿವಸ ಕಳೀಲಿಕ್ಕೆ ದಕ್ಷಿಣಕ್ಕ ಹೋಗಿದ್ರಂತ. ಸ್ನಾನ ಎಲ್ಲೆ ಮಾಡ್ತಿದ್ರಿ?" ಅಂದ್ರು. ಅವರ ಹಿಂದ ನಿಂತಿದ್ದ ಸಣ್ಣ ವೈನಿ "ಸಂಡಾಸಕ್ಕ?" ಅಂದದ್ದೂ ನನಗ ಕೇಳಿಸ್ತು. ಬಾಜೂ ಮನಿ ಮಾಮಿ, ಬೆಂಗಳೂರಿನ ಮೌಶಿ, ಎಲ್ಲಾರದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗೇದ. ಅದಕ್ಕ ಬರದೇ ಬಿಡ್ತೀನಿ. ಸ್ನಾನ-ಸಂಡಾಸದ ಜೋಡಿ ಯಾರೂ ಕೇಳದೇ ಇದ್ದ ಒಂದು ಮಾತೂ ಬರೀತೀನಿ.

ನಿಮಗ ಗೊತ್ತಲ್ಲ, ನಾವು ಇರೋದು ಅಮೆರಿಕಾದ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಅನ್ನೋ ಊರಾಗ. ಊರ ಸುತ್ತ ನೀರೋ ನೀರು. ನಮ್ಮನಿಯವರು ನೌಕರಿ ಬಿಟ್ಟ ಮ್ಯಾಲೆ ಒಂದು ಹಳೇ ಹಾಯಿದೋಣಿ ತಗೊಂಡ್ರು. 32 ಅಡಿ ಉದ್ದ. ನಮ್ಮಜ್ಜನ ಮನಿ ಪಡಸಾಲಿ ಅದಕ್ಕಿಂತ ಉದ್ದ ಇತ್ತು. ಮೂರು ವರ್ಷ ಶನಿವಾರ-ರವಿವಾರ ಅದರಾಗ ಅಡ್ಡಾಡಿದ್ವಿ. ಅವರು ದೋಣಿ ನಡಸೋದು, ನಾ ಚಹಾ, ಚುರಮರಿ ಕೊಡೋದು. "ಸ್ವಲ್ಪ ಚುಕ್ಕಾಣಿ ಹಿಡಿಯೇ, ಕಲಸ್ತೀನಿ" ಅಂತ ಅವರು ಎಷ್ಟು ಸಲ ಅಂದ್ರೂ, "ನನಗ್ಯಾಕ್ ಬೇಕು ಅದೆಲ್ಲಾ, ನೀವಿದ್ದೀರಲ್ಲ" ಅಂತ ನಾ ಕೆಳಗ ಇಳದು ಒಗ್ಗರಣಿ ಹಾಕ್ತಿದ್ದೆ.

ಈ ಕಡೆ ಒಂದು ರೂಢಿ ಅದ. ಥಂಡಿ ಶುರು ಆಗೋದರಾಗ ನಿವೃತ್ತಿ ಆದ ಗಂಡಾ-ಹೆಂಡ್ತಿ ತಮ್ಮ ದೋಣಿ ತಗೊಂಡು ಫ್ಲೋರಿಡಾದ ಕಡೆ ಹೋಗಿಬಿಡ್ತಾರ. ಚಳಿಗೆ ಹಕ್ಕಿ ವಲಸಿ ಹೋದಂಗ ಹೋಗ್ತಾರಂತ ಇವರಿಗೆ ಸ್ನೋಬರ್ಡ್ಸ್ ಅಂತನೇ ಹೆಸರು. ಲಗೂನೂ ಹೊಂಡೋ ಹಂಗಿಲ್ಲ, ತಡಾನೂ ಮಾಡೋ ಹಂಗಿಲ್ಲ. ಅಟ್ಲಾಂಟಿಕ್ಕಿನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರ ತನಕ. ನವೆಂಬರ್ 1 ಆಗೋತನಕ ಇಂಥಾ ಗೆರಿಗಿಂತ ದಕ್ಷಿಣಕ್ಕ ಹೋಗಬ್ಯಾಡ್ರಿ ಅಂತ ಬಹಳಷ್ಟು ವಿಮಾ ಕಂಪನಿಯವರು ಕರಾರು ಹಾಕಿರ್ತಾರ. ಇಲ್ಲೇ ಕೂತ್ರ ದೋಣಿ ಪೈಪಿನಾಗಿನ ನೀರು ಹೆಪ್ಪಗಟ್ಟಿ ಪೈಪು ಒಡೀತದ. ಹಿಂಗಾಗಿ ಅಕ್ಟೋಬರ್ ಕಡೀ ವಾರದಾಗ ಎಲ್ಲಾರೂ ಒಮ್ಮೆಲೆ ಹೊಂಡ್ತಾರ, ಜಾತ್ರಿಗೆ ಚಕ್ಕಡಿ ಹೊಂಟಂಗ.

ದೋಣಿ ಅಂದ ಕೂಡ್ಲೇ ನಡು ಸಮುದ್ರ ಅಂತ ಹೆದರಬ್ಯಾಡ್ರಿ. ದಂಡಿ ಒಳಗ ನದಿ, ಹಿನ್ನೀರು, ಕಾಲುವಿ ಎಲ್ಲಾ ಜೋಡಿಸಿ ಒಂದು ನೀರಿನ ಹಾದಿ ಮಾಡ್ಯಾರ. ಇಂಟ್ರಾಕೋಸ್ಟಲ್ ವಾಟರ್‌ವೇ ಅಂತ ಅದರ ಹೆಸರು. ಅದರ ಸೊನ್ನೆ ಮೈಲಿ ನಮ್ಮೂರಿನ ಎದುರಿಗಿರೋ ನಾರ್ಫೋಕ್‌ನಾಗ. ಮಾಯಾಮಿಗೆ ಹೋಗೋದರಾಗ 1,090 ಮೈಲಿ ಚಿಲ್ಲರ ಆಗ್ತದ. ನಮ್ಮ ದೋಣಿ ತಾಸಿಗೆ ಆರು ಮೈಲಿ ಹೋದ್ರ ಹೆಚ್ಚು. ದಂಡ್ಯಾಗ ಸೈಕಲ್ ಹೊಡೆಯೋ ಹುಡುಗರು ನಮ್ಮನ್ನ ಹಿಂದ ಹಾಕಿ ಕೈ ಬೀಸಿ ಹೋಗ್ತಿದ್ರು. ಖರೇ ಹೇಳಬೇಕಂದ್ರ ಹಾಯಿದೋಣಿ ಅಂತ ಹೆಸರಿಗಷ್ಟ, ಕಾಲುವಿ ಒಳಗ ಬಹುಪಾಲು ಇಂಜಿನ್ನಿನ ಮ್ಯಾಲೇ ಹೋಗೋದು.

ಈಗ ವೈನಿ ಪ್ರಶ್ನೆ. ದೋಣ್ಯಾಗ ಕುಡಿಯೋ ನೀರಿನ ಟಾಕಿ ಅದ, ಸುಮಾರು 220 ಲೀಟರ್ರು. ಅದು ಇಬ್ಬರಿಗೆ ಎಂಟು-ಹತ್ತು ದಿವಸ ಬರಬೇಕು. ಇಲ್ಲಿಯ ಹೆಣ್ಣಮಕ್ಕಳು ಇದನ್ನ ಕೇಳಿ ಗಾಬರಿ ಆಗ್ತಾರ. ನಾ ನಕ್ಕೆ. ನಳಾ ಯಾವಾಗ ಬರ್ತದೋ ಅಂತ ರಾತ್ರಿ ಎದ್ದು ಕೂತು ಕೊಡ ತುಂಬಿದ ಮನಿಯಾಕಿ ನಾ. ಭಾಂಡೆ ಮೊದಲು ಹೊರಗಿನ ನೀರಾಗ ತಿಕ್ಕೋದು, ಕಡೀಗೆ ಒಂದು ವಾಟಗ ಸಿಹಿ ನೀರಿಲೆ ಜಳಕಾ ಮಾಡಿಸಿದಂಗ ತೊಳಿಯೋದು. ನಮ್ಮ ಜಳಕಾನೂ ಹಂಗ, ಎರಡು ತಂಬಿಗಿ ಬಿಸಿನೀರು. ನಾಕು ದಿನಕ್ಕೊಮ್ಮೆ ದೋಣಿ ಕಟ್ಟೋ ಧಕ್ಕೆ ಸಿಕ್ಕಾಗ ಅಲ್ಲೇ ಬಚ್ಚಲಮನಿ ಇರ್ತದ, ತಲಿ ಎರಕೊಳ್ಳೋದು ಅವತ್ತು. ಸಂಡಾಸ ದೋಣಿ ಒಳಗೇ ಅದ, ಕೈಲೆ ಪಂಪ್ ಹೊಡೀಬೇಕು. ಅದು ಒಂದು ಟಾಕಿಗೆ ಹೋಗ್ತದ, ಧಕ್ಕೆದಾಗ ಮಷಿನ್ ಹಚ್ಚಿ ಖಾಲಿ ಮಾಡಿಸಬೇಕು. ಕಾಲುವಿಗೆ ಬಿಟ್ರ ದಂಡ ಹಾಕ್ತಾರ. ಸಾಕಲ್ಲ ಇಷ್ಟು.

ಒಲಿ ನೋಡಿದ್ರ ನಿಮಗ ಮಜಾ ಅನ್ನಸ್ತದ. ತೊಟ್ಟಿಲ ಕಟ್ಟಿದಂಗ ಎರಡೂ ಬಾಜೂ ಕೀಲಿನ ಮ್ಯಾಲೆ ತೂಗ್ತಿರ್ತದ. ದೋಣಿ ಎಷ್ಟು ವಾಲಿದ್ರೂ ಒಲಿ ಮಾತ್ರ ನೆಟ್ಟಗ ಇರ್ತದ, ನಾವು ಓರೆ. ಕುಕ್ಕರ್ ಒಂದಿದ್ರ ರಾಜ್ಯ ಆಳಬಹುದು. ಮುಚ್ಚಳಾ ಗಟ್ಟಿ, ಉರುಳಿದ್ರೂ ಚೆಲ್ಲಂಗಿಲ್ಲ, ಗ್ಯಾಸೂ ಉಳೀತದ. ಅನ್ನ-ಬ್ಯಾಳಿ ಒಮ್ಮೆಲೆ ಆಗಿಬಿಡ್ತದ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೆಂತ್ಯೆ ಹಿಟ್ಟು ಡಬ್ಬಿ ತುಂಬಿ ಒಯ್ದಿದ್ದೆ. ಜ್ವಾಳದ ರೊಟ್ಟಿ ಲಂಗರು ಹಾಕಿ ನಿಂತಾಗ ಮಾತ್ರ. ದೋಣಿ ನಡದಾಗ ಒಮ್ಮೆ ಬಡಿಲಿಕ್ಕೆ ಹೋಗಿ ರೊಟ್ಟಿ ಹೋಗಿ ನಕ್ಷೆ ಮ್ಯಾಲೆ ಬಿತ್ತು. ಉತ್ತರ ಕೆರೊಲಿನಾದ ಒಂದು ಕೊಲ್ಲಿ ಮ್ಯಾಲೆ ಇನ್ನೂ ಹಿಟ್ಟಿನ ಗುರುತದ.

ಮೊದಲನೇ ಎರಡು ದಿನದ ಹಾದಿ ಗ್ರೇಟ್ ಡಿಸ್ಮಲ್ ಸ್ವಾಂಪ್ ಕಾಲುವಿ ಒಳಗ. ಹೆಸರು ಕೇಳಿದ್ರ ಮಸಣದಂಗ ಅನ್ನಸ್ತದ, ಆದ್ರ ಅಂಥಾ ಶಾಂತ ಜಾಗಾ ನಾ ನೋಡಿಲ್ಲ. 22 ಮೈಲಿ ನೆಟ್ಟಗ ಗೆರಿ ಎಳದಂಗ ನೀರು, ಎರಡೂ ಕಡೆ ಗಿಡಾ ಬಾಗಿದ್ವು. ಗಿಡದ ಬೇರು-ತೊಗಟಿ ರಸ ಇಳದು ನೀರು ಪೂರಾ ಚಹಾದ ಡಿಕಾಕ್ಷನ್ ಆಗೇದ. ಕಾಲುವಿಯ ಎರಡೂ ತುದಿಗೆ ಬಾಗಲದ ತೊಟ್ಟಿ ಅದ. ಒಳಗ ಹೋಗಿ ಹಗ್ಗಾ ಹಿಡಕೊಂಡು ನಿಂತ್ರ ನೀರು ತುಂಬಿ ದೋಣಿ ಎಂಟು ಅಡಿ ಮ್ಯಾಲೆ ಏಳ್ತದ, ಆ ತುದ್ಯಾಗ ಹಂಗ ಇಳಸ್ತಾರ. ಇದು 1805ರಾಗ ಶುರು ಆದದ್ದಂತ. ಅದಕ್ಕೂ ಮೊದಲು ಹನ್ನೆರಡು ವರ್ಷ ಗುಲಾಮರಾಗಿದ್ದ ಕರಿಯ ಜನರ ಕಡಿಂದ ಕೈಲೆ ಅಗಸ್ಯಾರ, ಸೊಂಟದ ಮಟಾ ಕೆಸರಾಗ ನಿಲ್ಲಿಸಿ. ತಪ್ಪಿಸಿಕೊಂಡು ಓಡಿ ಬಂದವರು ಇದೇ ಜವಳು ಅಡವ್ಯಾಗ ಅಡಗಿ ಸಂಸಾರ ಮಾಡಿದ್ರಂತ. ಅದನ್ನ ಓದಿದ ಮ್ಯಾಲೆ ಆ ಶಾಂತಿ ನನಗ ಬ್ಯಾರೇನ ಅನ್ನಸ್ತು.

ಕಾಲುವಿ ಮುಗದ ಮ್ಯಾಲೆ ಎಲಿಜಬೆತ್ ಸಿಟಿ ಅಂತ ಊರು. ಅಲ್ಲೆ ದೋಣಿ ಕಟ್ಟಲಿಕ್ಕೆ ರೊಕ್ಕಾ ಇಲ್ಲ. 1983ರಾಗ ಆ ಊರಿನ ಇಬ್ಬರು ವಯಸ್ಸಾದ ಗೆಳ್ಯಾರು, ಬಂದ ದೋಣಿಯವರನ್ನ ಕರದು ತಿನ್ನಲಿಕ್ಕೆ ಕೊಟ್ಟು, ಹೆಣ್ಣಮಕ್ಕಳಿಗೆ ಮನಿ ತ್ವಾಟದ ಗುಲಾಬಿ ಹೂ ಕೊಡೋದು ಶುರು ಮಾಡಿದ್ರಂತ. ಅವರಿಬ್ಬರೂ ಈಗಿಲ್ಲ, ಗುಲಾಬಿ ಗಿಡಾ ಅದಾವ. ಒಬ್ಬ ಅಜ್ಜಿ ನನಗೂ ಒಂದು ಹೂ ಕಿತ್ತು ಕೊಟ್ಲು. ಅರಿಷಿಣ-ಕುಂಕುಮಕ್ಕ ಕರದಂಗ ಆತು ನೋಡ್ರಿ. ಹೂ ಮುಡಕೊಂಡು ದೋಣಿ ಹತ್ತಿದೆ.

ಮರುದಿನ ಮುಂಜಾನೆ ಆದದ್ದನ್ನ ನಾ ಇಷ್ಟು ದಿವಸ ಯಾರ ಮುಂದೂ ಹೇಳಿಲ್ಲ.

ಆ ಊರಿನ ಮುಂದ ಅಲ್ಬೆಮಾರ್ಲ್ ಸೌಂಡ್ ಅಂತ ಭಾಳ ಅಗಲದ ಹಿನ್ನೀರು. ಆಳ 20 ಅಡಿ ಇದ್ರ ಹೆಚ್ಚು. ಆಳ ಕಡಿಮಿ ಅಂದ್ರ ಛೊಲೊ ಅಂತ ನಾ ತಿಳದಿದ್ದೆ. ಇಲ್ಲ, ಆಳ ಕಡಿಮಿ ಇದ್ದಲ್ಲೇ ತೆರಿ ಕೆಟ್ಟ. ಗಾಳಿ ಬಿಟ್ರ ಗಿಡ್ಡ ಗಿಡ್ಡ ತೆರಿ ಒಂದರ ಹಿಂದೊಂದು ಎದ್ದು ದೋಣಿಗೆ ಉಸರಾಡ್ಲಿಕ್ಕೆ ಬಿಡಂಗಿಲ್ಲ. ಗಾಳಿ ಏಳೋದರಾಗ ದಾಟಿಬಿಡೋಣು ಅಂತ ನಮ್ಮನಿಯವರು ನಸುಕಿನ್ಯಾಗ ಎದ್ದು, ಸಕ್ಕರಿ ಬ್ಯಾನಿ ಗುಳಿಗಿ ನುಂಗಿ, ಬರೇ ಚಹಾ ಕುಡದು ಹೊಂಟ್ರು. ನಾ ಉಪ್ಪಿಟ್ಟು ಮಾಡಿಟ್ಟಿದ್ದೆ. "ಆಮ್ಯಾಲೆ ತಿಂತೀನಿ" ಅಂದ್ರು. ನಾನೂ ಸುಮ್ಮನಾದೆ. ಮನ್ಯಾಗಿದ್ರ ಬಿಡ್ತಿದ್ದಿಲ್ಲ.

ಹತ್ತೂವರಿಗೆ ನಡು ನೀರಾಗ ಇದ್ವಿ. ಗಾಳಿ ಜೋರಾಗಿತ್ತು, ಹಾಯಿ ಬಿಚ್ಚಿತ್ತು. ಏಡಿ ಹಿಡಿಯೋರು ಬಿಟ್ಟ ಗುರುತಿನ ಚಂಡು ಅಲ್ಲಲ್ಲೆ ತೇಲ್ತಿದ್ವು, ಅದರ ಹಗ್ಗಾ ಇಂಜಿನ್ ರೆಕ್ಕಿಗೆ ಸಿಕ್ಕಿದ್ರ ಕಥಿ ಮುಗೀತು. "ರೀ, ಆ ಚಂಡು ನೋಡ್ರಿ" ಅಂದೆ. ಅವರು ನನ್ನ ನೋಡಿ ನಕ್ಕರು. ಅಂಥಾ ಥಂಡಿ ಗಾಳ್ಯಾಗ ಹಣಿ ಮ್ಯಾಲೆ ಬೆವರು ಇಳೀತಿತ್ತು. "ಏನಾತ್ರಿ?" ಅಂದ್ರ, "ಕೀಲಿ ಎಲ್ಲಿಟ್ಟಿ?" ಅಂದ್ರು.

ಈ ಮಾರಿ ನನಗ ಗೊತ್ತದ. ಹದಿನೈದು ವರ್ಷದಾಗ ಮೂರು ಸಲ ನೋಡೀನಿ. ಸಕ್ಕರಿ ಇಳದದ. ಏನು ಮಾಡಬೇಕು ಅನ್ನೋದೂ ಗೊತ್ತದ: ಮೂರು ಚಮಚಾ ಸಕ್ಕರಿ ನೀರಾಗ ಕಲಸಿ ಕುಡಸಬೇಕು, 15 ನಿಮಿಷ ಬಿಟ್ಟು ಮತ್ತ ನೋಡಬೇಕು. ಆದ್ರ ಸಕ್ಕರಿ ಡಬ್ಬಿ ಕೆಳಗ ಅಡಗಿ ಮನ್ಯಾಗ, ಚುಕ್ಕಾಣಿ ಮ್ಯಾಲೆ. ಮನಿಯೊಳಗ ಆದ್ರ ಓಡಿ ಹೋಗಿ ತರಬಹುದು. ಇಲ್ಲೆ ಚುಕ್ಕಾಣಿ ಬಿಟ್ಟು ಹೋದ್ರ ದೋಣಿ ಏನಾಗ್ತದ ಅನ್ನೋದು ನನಗ ತಿಳೀದು. ಅವರನ್ನ ಬಿಟ್ಟು ಹೋದ್ರ ಅವರು ಎದ್ದು ಕಟಕಟಿ ದಾಟಿ ಬೀಳ್ತಾರೇನೋ ಅದೂ ತಿಳೀದು.

ಅವರನ್ನ ಜಗ್ಗಿ ನೆಲದ ಮ್ಯಾಲೆ ಕೂಡಿಸಿದೆ, ಸೆರಗಿಲ್ಲ ನೋಡ್ರಿ ಪ್ಯಾಂಟಿನ ಮ್ಯಾಲೆ, ಕೈಗೆ ಸಿಕ್ಕ ಹಗ್ಗಾ ಅವರ ಸೊಂಟಕ್ಕ ಸುತ್ತಿ ಕಂಬಕ್ಕ ಬಿಗದು, ಚುಕ್ಕಾಣಿ ದೇವರಿಗೆ ಬಿಟ್ಟು ಕೆಳಗ ಹಾರಿದೆ. ಡಬ್ಬಿ ತಗೊಂಡು ಬರೋದರಾಗ ದೋಣಿ ತಾನ ಗಾಳಿಗೆ ಮಾರಿ ಮಾಡಿ ತಿರುಗಿತ್ತು. ಹಾಯಿ ಪಟಪಟ ಹೊಡಕೋತ ಎಂಥಾ ಸಪ್ಪಳಾ ಅಂದ್ರ ಪತ್ರಾಸಿನ ಮಾಳಿಗಿ ಗಾಳಿಗೆ ಹಾರೇದೇನೋ ಅನ್ನಬೇಕು. ಸಕ್ಕರಿ ನೀರು ಅರ್ಧಾ ಅವರ ಬಾಯಾಗ, ಅರ್ಧಾ ಅಂಗಿ ಮ್ಯಾಲೆ. ಆಮ್ಯಾಲೆ ಚುಕ್ಕಾಣಿ ಹಿಡದು ನಿಂತೆ. ಹಿಡದೆ ಅಷ್ಟ, ತಿರುಗಿಸೋದು ಯಾವ ಕಡೆ ಅಂತ ಗೊತ್ತಿಲ್ಲ. ಇಂಜಿನ್ ಶುರು ಮಾಡೋ ಗುಂಡಿ ಮೂರು ವರ್ಷ ಕಣ್ಣಿನ ಮುಂದೇ ಇತ್ತು, ಒಮ್ಮೆನೂ ಒತ್ತಿರಲಿಲ್ಲ. ರೇಡಿಯೋನೂ ಇತ್ತು. ಮಾತಾಡೋದು ಹೆಂಗಂತ ಕೇಳಿರಲಿಲ್ಲ.

15 ನಿಮಿಷ ಅಂದ್ರ ಅಷ್ಟು ಉದ್ದ ಇರ್ತದ ಅಂತ ಅವತ್ತು ತಿಳೀತು. ಕಡೀಗೆ ಅವರು ಕಣ್ಣು ಪಿಳಿಪಿಳಿ ಬಿಟ್ಟು, "ಯಾಕ ಕಟ್ಟಿ ಹಾಕೀಯಲೇ ನನ್ನ?" ಅಂದ್ರು. ನಾ ಅತ್ತೆ. ಅವರು ಒಂದು ಬಟ್ಟಲ ಉಪ್ಪಿಟ್ಟು ತಿಂದು, ಹಾಯಿ ಇಳಿಸಿ, ಇಂಜಿನ್ ಹಚ್ಚಿ, ಏನೂ ಆಗೇ ಇಲ್ಲ ಅನ್ನೋ ಹಂಗ ಮತ್ತ ಚುಕ್ಕಾಣಿ ಹಿಡದ್ರು.

ಸಂಜೀಕ ಅಲಿಗೇಟರ್ ನದ್ಯಾಗ ಲಂಗರು ಹಾಕಿ ನಿಂತ ಮ್ಯಾಲೆ ಜಗಳಾ ಆತು. ಅವರು "ಒಂದು ಸಲ ಆದದ್ದಕ್ಕ ಇಷ್ಟ್ಯಾಕ" ಅಂತ. ನಾ "ಎಲ್ಲಾ ಕಲಿಯೋತನಕ ಈ ದೋಣಿ ಮುಂದ ಹೋಗಂಗಿಲ್ಲ" ಅಂತ. "ಮೂರು ವರ್ಷ ಕಲೀ ಅಂದೆ, ಕಲ್ತೇನು?" ಅಂದ್ರು. ಅದೂ ಖರೇನ, ಅದಕ್ಕ ಇನ್ನೂ ಸಿಟ್ಟು ಬಂತು. ಎರಡು ದಿವಸ ಮಾತಿಲ್ಲ. 32 ಅಡಿ ದೋಣ್ಯಾಗ ಸಿಟ್ಟಾಗೋದೂ ಕಠಿಣ, ತವರಮನಿಗೆ ಹೋಗ್ತೀನಿ ಅನ್ನಲಿಕ್ಕೆ ಬಸ್‌ಸ್ಟ್ಯಾಂಡ್ ಇಲ್ಲ. ರಾತ್ರಿ ನಿದ್ದಿ ಇಲ್ಲದ ಬಿದ್ದಾಗ ನಮ್ಮವ್ವ ನೆನಪಾದ್ಲು. ಅಪ್ಪ ಹೋದ ಹದಿಮೂರು ದಿವಸದ ಮ್ಯಾಲೆ, ಪಾಸ್‌ಬುಕ್ ಯಾವ ಟ್ರಂಕಿನಾಗ ಅದ ಅಂತ ಅಕಿಗೆ ಗೊತ್ತಿರಲಿಲ್ಲ. ಬ್ಯಾಂಕಿನ ಚೀಟಿ ತುಂಬಲಿಕ್ಕೆ ಬರದೇ ಗಿರಾಕಿ ಸಾಲಿನಾಗ ನಿಂತು ಅತ್ತಿದ್ಲು. ಅವಾಗ ನಾ ಪಿಯುಸಿ. "ಎಂಥಾ ಹುಚ್ಚಿಯವಾ ನೀ" ಅಂತ ಬೈದಿದ್ದೆ.

ಮೂರನೇ ದಿನ ಓರಿಯಂಟಲ್ ಅನ್ನೋ ಊರಿನ ಹತ್ರ, ನ್ಯೂಸ್ ನದಿ ಭಾಳ ಅಗಲಾಗೇದ ಅಲ್ಲೆ, ಅವರೇ ಇಂಜಿನ್ ನಿಧಾನ ಮಾಡಿ, ಕೂಡೋ ದಿಂಬು ಎತ್ತಿ ನೀರಿಗೆ ಒಗದ್ರು. "ಅದು ನಾನು. ಬಿದ್ದೀನಿ. ನನ್ನ ತಗೊಂಡು ಬಾ" ಅಂತ ಹೇಳಿ ಕೈ ಕಟ್ಟಿ ಕೂತ್ರು.

ಮೊದಲನೇ ಸಲ ಅವರ ಮ್ಯಾಲೇ ದೋಣಿ ಹತ್ತಿಸಿದೆ. ಎರಡನೇ ಸಲ ಐವತ್ತು ಅಡಿ ದೂರ ಹಾದು ಹೋದೆ. ಮೂರನೇ ಸಲಕ್ಕ ದಿಂಬು ಎಲ್ಲದ ಅಂತನೇ ಕಾಣಲಿಲ್ಲ. ಬಿದ್ದವರ ಮ್ಯಾಲಿನ ಕಣ್ಣು ತೆಗೀಬಾರದು ಅನ್ನೋದು ಮೊದಲನೇ ಪಾಠ. ಗಾಳಿಗೆ ಎದುರಾಗಿ ಬರಬೇಕು, ಹತ್ರ ಬಂದಾಗ ಇಂಜಿನ್ ಗೇರ್ ತಗದು ಬಿಡಬೇಕು, ಇಲ್ಲಾಂದ್ರ ಕೆಳಗಿನ ರೆಕ್ಕಿ ಕಾಲಿಗೆ ಬಡೀತದ. ಎಂಟನೇ ಸಲಕ್ಕ ದಿಂಬು ಕೈಗೆ ಸಿಕ್ತು. ಮತ್ತ ಒಗೀರಿ ಅಂದೆ. ಅವತ್ತು ಮಧ್ಯಾಹ್ನ ಅಡಗೀನೇ ಇಲ್ಲ, ಇಬ್ಬರೂ ಅವಲಕ್ಕಿ ಮುಕ್ಕಿದ್ವಿ. ನೀರು ಕುಡದ ದಿಂಬು ಎತ್ತೋದೇ ಜಡ ಆಗಿತ್ತು. ಅವರು 82 ಕಿಲೋ, ನಾ 55. ಎತ್ತಲಿಕ್ಕೆ ಗಡಗಡಿ ಹಗ್ಗಾ ಅದ, ಅದನ್ನ ಹಚ್ಚೋದೂ ಕಲ್ತೆ. ಅದಕ್ಕಿಂತ ಬೀಳದಂಗ ನೋಡೋದು ಹಗೂರ ಅಂತ, ಕತ್ತಲಾದ ಮ್ಯಾಲೆ ಸೊಂಟದ ಪಟ್ಟಿ ಕೊಂಡಿ ಹಾಕದೇ ಯಾರೂ ಏಳೋ ಹಂಗಿಲ್ಲ ಅಂತ ಕಾನೂನು ಮಾಡಿದೆ. ಅವರು ನನಗ ಮೂರು ಗಂಟು ಹಾಕಿದ್ರು, ನಾ ಅವರಿಗೆ ಒಂದು ಕೊಂಡಿ ಹಾಕಿದೆ.

ಲಂಗರಿಂದು ನನಗ ಲಗೂ ತಿಳೀತು. ಆಕಳ ಗೂಟದಂಗ ಅದ. ಹಗ್ಗಾ ಗಿಡ್ಡ ಇದ್ರ ಆಕಳ ಜಗ್ಗಿ ಗೂಟಾ ಕಿತ್ತು ಒಗೀತದ, ಉದ್ದ ಬಿಟ್ರ ಗೂಟಾ ನೆಲಕ್ಕ ಕಚ್ಚಿ ಕೂಡ್ತದ. ನೀರಿನ ಆಳದ ಐದರಿಂದ ಏಳು ಪಟ್ಟು ಬಿಡಬೇಕು, ಅದೂ ಭರತಿ ಬಂದಾಗಿನ ಆಳ ಲೆಕ್ಕಾ ಹಿಡದು. ನನಗ ಕಷ್ಟ ಆದದ್ದು ರೇಡಿಯೋ. ಇಷ್ಟು ವರ್ಷ ಇಲ್ಲಿದ್ರೂ ನನ್ನ ಇಂಗ್ಲೀಷು ಕಿರಾಣಿ ಅಂಗಡಿ ಇಂಗ್ಲೀಷು. ರೈಟ್ಸ್‌ವಿಲ್ ಬೀಚ್ ಅನ್ನೋ ಊರಾಗ ತಗ್ಗಿನ ಸೇತುವೆ, ತಾಸಿಗೊಮ್ಮೆ ಎರಡು ಪಾಲಾಗಿ ಮ್ಯಾಲೆ ಏಳ್ತದ. ಚಾನೆಲ್ 13ಕ್ಕ ಹಚ್ಚಿ, ನಾವು ಬಂದೀವಿ ಅಂತ ಹೇಳಬೇಕು. ನಮ್ಮನಿಯವರು ರೇಡಿಯೋ ನನ್ನ ಕೈಗೆ ಕೊಟ್ಟು ಆ ಕಡೆ ಮಾರಿ ಮಾಡಿ ನಿಂತ್ರು. ಕಾಗದದ ಮ್ಯಾಲೆ ಕನ್ನಡದಾಗ ಬರಕೊಂಡಿದ್ದನ್ನ ಓದಿದೆ. ಆ ಕಡಿಂದ ಒಬ್ಬ ಹೆಣ್ಣಮಗಳು, "ಗುಡ್ ಮಾರ್ನಿಂಗ್ ಕ್ಯಾಪ್ಟನ್, ಹನ್ನೊಂದಕ್ಕ ತಗೀತೀನಿ" ಅಂದ್ಲು. ಕ್ಯಾಪ್ಟನ್ ಅಂತ! ರೇಡಿಯೋದಾಗ ಕರದವರಿಗೆಲ್ಲಾ ಹಂಗ ಅಂತಾರಂತ. ಅನ್ನಲಿ. ಹನ್ನೊಂದಕ್ಕ ಸರಿಯಾಗಿ ರಸ್ತೆ ಮ್ಯಾಲಿನ ಮೋಟಾರೆಲ್ಲಾ ನಿಂತು, ಅಷ್ಟು ದೊಡ್ಡ ಸೇತುವೆ ನಾ ಹೇಳಿದ್ದಕ್ಕ ಎದ್ದು ನಿಂತ್ತು.

ದಕ್ಷಿಣ ಕೆರೊಲಿನಾ ಭಾಳ ಚಂದ. ಚಾರ್ಲ್‌ಸ್ಟನ್‌ನಾಗ ಮೂರು ದಿವಸ ನಿಂತು ಅರಿವಿ ಒಗಕೊಂಡ್ವಿ, ಕಾಯಿಪಲ್ಯ ತುಂಬಿದ್ವಿ. ಅದರ ಮುಂದ ಜಾರ್ಜಿಯಾ. ಅಲ್ಲೆ ಒಳಗಿನ ಹಾದಿ ಹಾವಿನಂಗ ಡೊಂಕು, ಭರತಿ-ಇಳತ ಏಳೆಂಟು ಅಡಿ. ನೀರು ಇಳದಾಗ ಬಹಳಷ್ಟು ದೋಣಿ ಕೆಸರಾಗ ಸಿಗಬೀಳ್ತಾವ. ಅದಕ್ಕ ಹೊರಗಿನಿಂದ, ಖರೇ ಸಮುದ್ರದಾಗ, ಒಂದು ರಾತ್ರಿ ಪೂರಾ ನಡದು ಜಾರ್ಜಿಯಾ ದಾಟಿ ಫ್ಲೋರಿಡಾದ ಫರ್ನಾಂಡಿನಾಕ್ಕ ಹೋಗೋದು ಅಂತ ಠರಾವು ಆತು. ಸುಮಾರು 150 ನಾಟಿಕಲ್ ಮೈಲಿ, ಮೂವತ್ತು ತಾಸಿನ ಹಾದಿ. ಮೂರು ತಾಸು ಅವರು, ಮೂರು ತಾಸು ನಾ. ಹೊಂಡೋಕಿಂತ ಮೊದಲು ಸಕ್ಕರಿ ಡಬ್ಬಿ ಮ್ಯಾಲೆ ತಂದು ಚುಕ್ಕಾಣಿ ಕಂಬಕ್ಕ ಕಟ್ಟಿದೆ. ಎಷ್ಟು ಹೊತ್ತಿಗೆ ಎಲ್ಲಿದ್ವಿ, ಗಾಳಿ ಎಷ್ಟು ಅಂತ ಬರಿಯೋ ಲಾಗ್ ಬುಕ್ಕಿನಾಗ ನಾ ಒಂದು ಗೆರಿ ಹೆಚ್ಚಿಗೆ ಎಳದು ಅವರ ಸಕ್ಕರಿ ಬರಿಲಿಕ್ಕೆ ಶುರು ಮಾಡಿದೆ. ಅವರು ನಕ್ಕರು, ಆದ್ರ ಬೆರಳು ಕೊಟ್ರು.

ರಾತ್ರಿ ಮೂರಕ್ಕ ನನ್ನ ಪಾಳಿ. ದಂಡಿ ದೀಪಾ ಒಂದೂ ಕಾಣ್ತಿದ್ದಿಲ್ಲ. ಮ್ಯಾಲೆ ಚುಕ್ಕಿ, ಹಿಂದಿನಿಂದ ಥಂಡಿ ಗಾಳಿ. ಕೆಳಗ ಅವರು ಗೊರಕಿ ಹೊಡೀಲಿಕ್ಕೆ ಹತ್ತಿದ್ರು. ಮೂವತ್ತು ವರ್ಷ ಆ ಗೊರಕಿಗೆ ಬೈದೀನಿ, ಅವತ್ತು ಕಿವಿಗೊಟ್ಟು ಕೇಳಿದೆ. ಅಷ್ಟರಾಗ ಎಡಗಡೆ, ಸವಾನಾ ಬಂದರಿನ ಕಡೆ ಹೊಂಟ ಒಂದು ಕಂಟೇನರ್ ಹಡಗು ಬಂತು. ಹಡಗಿನ ಒಂದು ಬಾಜೂ ಕೆಂಪು ದೀಪಾ, ಇನ್ನೊಂದು ಬಾಜೂ ಹಸರು. ಒಂದೇ ಕಂಡ್ರ ಅದು ಅತ್ತಾಗಿತ್ತಾಗ ಹೋಗ್ತದ. ಎರಡೂ ಕೂಡೇ ಕಂಡ್ರ ಅದರ ಮೂತಿ ನಮ್ಮ ಕಡೇನ. ನನಗ ಎರಡೂ ಕಂಡ್ವು. ಹಡಗಿನ ಹೆಸರು, ವೇಗ ತೋರಸೋ ಪರದೆ ಮ್ಯಾಲೆ, 20 ನಿಮಿಷಕ್ಕ ಕಾಲು ಮೈಲಿ ಹತ್ರ ಬರ್ತದ ಅಂತ ತೋರಸ್ತಿತ್ತು.

ಅವರನ್ನ ಕೂಗಬೇಕು ಅಂತ ಬಾಯಿ ತಗದೆ. ಆಮ್ಯಾಲೆ ರೇಡಿಯೋ ತಗೊಂಡು, ಚಾನೆಲ್ 16ಕ್ಕ ಹಚ್ಚಿ, ಹಡಗಿನ ಹೆಸರು ಎರಡು ಸಲ ಹೇಳಿ, "ನಾ ನಿಮ್ಮ ಮುಂದಿರೋ ಸಣ್ಣ ಹಾಯಿದೋಣಿ, ಕಾಣಸ್ತೀನೇನು?" ಅಂದೆ. ಸ್ವಲ್ಪ ಹೊತ್ತು ಏನಿಲ್ಲ. ಆಮ್ಯಾಲೆ ಒಬ್ಬ ಹುಡುಗನ ಧ್ವನಿ. ಆ ಇಂಗ್ಲೀಷು ಕೇಳಿ ಎದಿ ಧಸಕ್ಕಂತು, ನಮ್ಮ ಕಡೇ ಹುಡುಗ! "ಹೌದು ಮ್ಯಾಡಂ, ಕಾಣಸ್ತೀರಿ. ನೀವು ಹಂಗೇ ನಡೀರಿ, ನಾ ಬಲಕ್ಕ ತಿರುಗಿಸಿ ನಿಮ್ಮ ಹಿಂದಿನಿಂದ ಹೋಗ್ತೀನಿ" ಅಂದ. ಯಾವ ಊರಿನವನಪ್ಪಾ ನೀ, ಊಟಾ ಆತೇನು ಅಂತ ಕೇಳೋ ಆಸೆ ಆತು. ಆ ಚಾನೆಲ್‌ನಾಗ ಹರಟಿ ಹೊಡಿಯೋ ಹಂಗಿಲ್ಲ, ಥ್ಯಾಂಕ್ಸ್ ಹೇಳಿ ಇಟ್ಟೆ. ಸ್ವಲ್ಪ ಹೊತ್ತಿಗೆ ಹಸರು ದೀಪಾ ಮರೆಯಾಗಿ ಬರೇ ಕೆಂಪು ಉಳೀತು.

ಹಿಂದ ತಿರುಗಿ ನೋಡಿದ್ರ ನಮ್ಮನಿಯವರು ನಿಚ್ಚಣಿಕಿ ಮ್ಯಾಲೆ, ತಲಿ ಅಷ್ಟ ಹೊರಗ ಹಾಕಿ ನಿಂತಿದ್ರು. ಎಷ್ಟೊತ್ತಿನಿಂದ ನಿಂತಿದ್ರೋ. ನಾ ಏನರೆ ಅಂತಾರೇನೋ, ಚುಕ್ಕಾಣಿ ತಗೋತಾರೇನೋ ಅಂತ ನೋಡಿದೆ. "ಸ್ವೆಟರ್ ಹಾಕ್ಕೋ, ಥಂಡಿ ಅದ" ಅಂದು ಮತ್ತ ಕೆಳಗಿಳದು ಮಲಗಿದ್ರು. ಐದು ನಿಮಿಷಕ್ಕ ಗೊರಕಿ ಶುರು ಆತು.

ಫರ್ನಾಂಡಿನಾಕ್ಕ ಬಂದಾಗ ಮಧ್ಯಾಹ್ನ. ಕಾಗದದ ಕಾರ್ಖಾನಿ ವಾಸನಿ ಮೂಗಿಗೆ ಬಡೀತು, ಕೊಳೆತ ಕೋಸಿನಂಗ. ಅಲ್ಲಿಂದ ಮುಂದ ಸೇಂಟ್ ಅಗಸ್ಟೀನ್, ಮಾಯಾಮಿ, ಮ್ಯಾರಥಾನ್ ದ್ವೀಪ, ಅಲ್ಲೆ ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚಿದ್ದು, ಅದೆಲ್ಲಾ ಇನ್ನೊಮ್ಮೆ ಬರೀತೀನಿ. ಅವತ್ತು ಲಂಗರು ನಾನೇ ಬಿಟ್ಟೆ, ಹಗ್ಗಾ ನಾನೇ ಎಣಿಸಿದೆ. ಆಮ್ಯಾಲೆ ಬಿಸಿ ರೊಟ್ಟಿ ಬಡದು, ಬದನಿಕಾಯಿ ಪಲ್ಯ ಮಾಡಿ ಉಂಡ್ವಿ. ಲಾಗ್ ಬುಕ್ಕಿನಾಗ ಬರದದ್ದು ಹಿಂಗದ: 1:40, ಲಂಗರು ಹಾಕೇದ, ಆಳ 14 ಅಡಿ, ಗಾಳಿ ಉತ್ತರ, ಸಕ್ಕರಿ 118.